ಎಡಗಡೆ ಹೇಳುವ ಕೆಲಸ

ಡಿಸೆಂಬರ್ 1, ಭಾನುವಾರ

ಮೋಟಾರ್ ಸೈಕಲ್ಲಿನ ಮೇಲೆ ಮಾತಾಡಲು ಇಂಟರ್‌ಕಾಮ್ ಬಂತು. ಎರಡು ಹೆಲ್ಮೆಟ್ಟಿಗೆ ಎರಡು ಕರಿ ಬಿಲ್ಲೆ, ಒಳಗೆ ಕಿವಿಯ ಹತ್ತಿರ ಸಣ್ಣ ಸ್ಪೀಕರು. ಸಂಜೆಯೇ ಪರೀಕ್ಷೆ ಮಾಡಿದೆವು. ನಾನು ಹೆಲ್ಮೆಟ್ ಹಾಕಿಕೊಂಡು ಮಾಳಿಗೆಯ ಮೇಲೆ ನಿಂತೆ. ಇವರು ಹೆಲ್ಮೆಟ್ ಹಾಕಿಕೊಂಡು ಮೈಲೂರಿನ ನಮ್ಮ ಓಣಿಯಲ್ಲಿ ನಡೆಯುತ್ತ ಹೋದರು, ಕಂಡದ್ದನ್ನೆಲ್ಲ ಹೇಳುತ್ತ: ನಾಯಿ, ನೀರಿನ ಟ್ಯಾಂಕರು, ಒಣಹಾಕಿದ ಹಪ್ಪಳ. ಎದುರು ಮನೆಯ ಮರಿಯಮಬೀ ಬಾಗಿಲಿಗೆ ಬಂದು, "ಮಾಸ್ತರ, ಗಾಡಿ ಎಲ್ಲಿ ಮರ್ತು ಬಂದ್ರಿ?" ಎಂದದ್ದೂ ನನಗೆ ಕೇಳಿಸಿತು. ದೊಡ್ಡ ರಸ್ತೆ ದಾಟಿ ದೂರ ಹೋದ ಮೇಲೆ ಸಂಪರ್ಕ ಕಡಿಯಿತು. ಹಳೆಯ ರೇಡಿಯೋದಂತೆ ಗರಗರ ಇಲ್ಲ. ಮಾತು ಕೊನೆಯವರೆಗೂ ಸ್ಪಷ್ಟ, ಆಮೇಲೆ ಒಂದು ಬೀಪ್, ಆಮೇಲೆ ಏನೂ ಇಲ್ಲ. ಇದು ನನಗೆ ಹಿಡಿಸಿತು.

ಪ್ರವಾಸದ ದಾರಿ ಗಟ್ಟಿಯಾಯಿತು. ಜನವರಿ 11ರ ಶನಿವಾರ ಹೊರಡುವುದು. ಭಾಲ್ಕಿ, ಉದಗೀರ, ಅಂಬಾಜೋಗಾಯಿಯಲ್ಲಿ ರಾತ್ರಿ. ಭಾನುವಾರ ಸಂಭಾಜಿನಗರ. ಸೋಮವಾರ ಅಜಂತಾ ಎಂದು ಇವರು ಬರೆದಿದ್ದರು. ಸೋಮವಾರ ಅಜಂತಾ ಮುಚ್ಚಿರುತ್ತದೆ, ಮಂಗಳವಾರ ಎಲ್ಲೋರಾ ಮುಚ್ಚಿರುತ್ತದೆ ಎಂದೆ. ಅದಲು ಬದಲು ಮಾಡಿದೆವು. ಮದುವೆಯಾದ ವರ್ಷದಿಂದ ಅಜಂತಾ ಎನ್ನುತ್ತಿದ್ದೇವೆ. ಮನೆಯಲ್ಲಿ ನಾವಿಬ್ಬರೇ, ಆದರೂ ಪ್ರತಿ ವರ್ಷ ಏನೋ ಒಂದು ಅಡ್ಡ ಬರುತ್ತಿತ್ತು. ಈ ಸಲ ಇವರೇ ಹಟ ಹಿಡಿದಿದ್ದಾರೆ.

ಹಿಂದಿನ ಸೀಟಿನಲ್ಲಿ ನನಗೂ ಈಗ ಕೆಲಸವಿದೆ. ಹತ್ತಿ ಕೂತ ಮೇಲೆ ಇವರ ಹೆಗಲಿಗೆ ಎರಡು ಸಲ ತಟ್ಟಬೇಕು, ಆಗ ಗಾಡಿ ಹೊರಡುತ್ತದೆ. ಇದು ಹಳೆಯದು. ಹೊಸದೆಂದರೆ ದಾರಿಯುದ್ದಕ್ಕೂ ಎಡಗಡೆ ಏನಿದೆ ಎಂದು ಹೇಳುತ್ತ ಹೋಗಬೇಕು. ದೂರ ಪ್ರಯಾಣ ಮಾಡುವ ಜೋಡಿಗಳು ಹೀಗೇ ಮಾಡುತ್ತಾರಂತೆ. ಒಂದು ತಿಂಗಳಿಂದ ಹೇಳುತ್ತಿದ್ದೇನೆ. ಎಡಕ್ಕ ಎಮ್ಮಿ, ಎಡಕ್ಕ ಆಟೋ. ಚೆನ್ನಾಗಿ ಹೇಳ್ತಿ ಎಂದರು. ನನಗೆ ಹೆಮ್ಮೆಯಾಯಿತು ಎಂದು ಬರೆಯಲು ಸಂಕೋಚವೇನಿಲ್ಲ.

ಡಿಸೆಂಬರ್ 5, ಗುರುವಾರ

ಲ್ಯಾಬಿನಲ್ಲಿ ಜ್ವರದ ಕೇಸುಗಳು. ದಿನವಿಡೀ ಸೂಕ್ಷ್ಮದರ್ಶಕದ ಮುಂದೆ.

ಇವರು ಈಗಲೂ ಭಾಲ್ಕಿಯ ಶಾಲೆಗೆ ಬಸ್ಸಿನಲ್ಲೇ ಹೋಗುತ್ತಾರೆ. ಪ್ರವಾಸದ ತನಕ ಗಾಡಿಗೆ ವಿಶ್ರಾಂತಿಯಂತೆ. ಸಂಜೆ ಚಹಾ ಸೋಸುವಾಗ ಕಪ್ಪಿನ ಪಕ್ಕಕ್ಕೆ ಸುರಿದರು. ವಿಜ್ಞಾನದ ಮಾಸ್ತರು ಎಂದು ನಕ್ಕೆ. ಅವರೂ ನಕ್ಕರು.

ರಷ್ಯನ್ನಿನಿಂದ ಬಂದ ಹೊಸ ಕಾದಂಬರಿ ಶುರು ಮಾಡಿದೆ. ಅನುವಾದಕ ಅಡಿಟಿಪ್ಪಣಿ ಕೊಟ್ಟಿಲ್ಲ. ಒಳ್ಳೆಯದು.

ಡಿಸೆಂಬರ್ 8, ಭಾನುವಾರ

ಮನೆಗೆ ಬಂದೆವು. ಇಬ್ಬರಿಗೂ ಏನೂ ಆಗಿಲ್ಲ.

ಡಿಸೆಂಬರ್ 9, ಸೋಮವಾರ

ನಿನ್ನೆ ಆದದ್ದನ್ನು ಆದ ಕ್ರಮದಲ್ಲಿ ಬರೆಯುತ್ತೇನೆ.

ಬೀದರ್, ಭಾಲ್ಕಿ, ಔರಾದ, ಮತ್ತೆ ಬೀದರ್. ಪ್ರವಾಸದ ಸಾಮಾನು ಕಟ್ಟಿಕೊಂಡು ಒಂದು ಸುತ್ತು ಹೊಡೆದು ನೋಡುವುದೆಂದು ಮಾತಾಗಿತ್ತು. ಭಾಲ್ಕಿ ದಾಟಿ ಔರಾದ ರಸ್ತೆಯಲ್ಲಿ ಒಂದು ಚಹಾದಂಗಡಿ. ನಡೆಸುವಾಕೆ ಬಿಸ್ಮಿಲ್ಲಾಬೀ, ವಯಸ್ಸಾದ ಹೆಂಗಸು. ಚಹಾ ಕುಡಿದೆವು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡೆವು. ಇವರು ಕೂತು ಗಾಡಿ ಚಾಲೂ ಮಾಡಿದರು. ಕ್ಯಾರಿಯರಿನ ಬ್ಯಾಗು ಓರೆಯಾಗಿತ್ತು. ನಾನು ಗಾಡಿಯ ಎಡಕ್ಕೆ ನಿಂತು, ಒಂದು ಕೈ ಇವರ ಹೆಗಲಿಗೆ ಊರಿ, ಇನ್ನೊಂದರಿಂದ ಪಟ್ಟಿ ಎಳೆದೆ. ಎರಡು ಸಲ ಎಳೆದೆ. ಹೆಗಲ ಮೇಲಿನ ಕೈಯೂ ಎರಡು ಸಲ ಒತ್ತಿರಬೇಕು, ಗಾಡಿಯೂ ಕುಗ್ಗಿರಬೇಕು. ನನ್ನ ಕೈಗವಸು ನಾವು ಕೂತಿದ್ದ ಬಾಕಿನ ಮೇಲೆಯೇ ಉಳಿದಿತ್ತು. ತರಲೆಂದು ತಿರುಗಿದೆ. ಗಾಡಿ ಹೋಯಿತು.

ಮೊದಲು ನಗು ಬಂತು. ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿವಿಯೊಳಗೆ ಇವರ ದನಿ. "ಪ್ರಣಿತಾ."

ಇವರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಏ, ಕೇಳಿಲ್ಲಿ" ಎನ್ನುತ್ತಾರೆ, ಇಲ್ಲವೇ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ. ಅನುವಾದದ ಕಾದಂಬರಿಗಳಲ್ಲಿ ಗಂಡ ಹೆಂಡತಿ ಪುಟಪುಟಕ್ಕೂ ಹೆಸರು ಹಿಡಿದೇ ಮಾತಾಡುತ್ತಾರೆ, ಅಲ್ಲಿ ಅದಕ್ಕೆ ವಿಶೇಷ ಅರ್ಥವಿಲ್ಲ. ಇವರು ಒಮ್ಮೆ ಮಾತ್ರ ಕರೆದಿದ್ದರು, ನಮ್ಮ ಮಾವ ತೀರಿಹೋದ ಸುದ್ದಿ ಹೇಳುವಾಗ. ನನ್ನ ಬಾಯಿ ತೆರೆದಂತೆಯೇ ನಿಂತಿತು.

"ಪ್ರಣಿತಾ, ಮಾರಿ ನೋಡಿ ಹೇಳ್ಲಿಕ್ಕ ಆಗಲ್ಲ ನನಗ, ಅದಕ್ಕ ಹಿಂಗ ಹೇಳ್ತೇನಿ. ಮುಗಿಯೋ ತನಕ ನೀ ನಡುವ ಮಾತಾಡಬ್ಯಾಡ. ನನ್ನ ಎಡಗಣ್ಣು ಹೋಗ್ಯಾದ. ದೀಪಾವಳಿ ಮುಂದ ಒಂದಿನ ಮುಂಜಾನಿ ಎದ್ದಾಗ ಇದ್ದಿಲ್ಲ. ಜಾಕೆಟ್ ತರ್ತೇನಿ ಅಂತ ಹೈದರಾಬಾದಿಗೆ ಹೋಗಿದ್ದೆ ನೋಡು, ಅದು ಡಾಕ್ಟರ ಕಡಿ. ಒಳಗ ನರ ಬಂದ್ ಆಗ್ಯಾದ, ತಿರುಗಿ ಬರಲ್ಲ ಅಂದ್ರು. ಗಾಡಿ ಮುಟ್ಟಬ್ಯಾಡ ಅಂದ್ರು. ನೀ ಎಡಗಡಿ ಹೇಳ್ತಿ, ಅದರ ಮ್ಯಾಲೇ ಓಡಸ್ಲತ್ತೀನಿ."

ಆಮೇಲೆ, "ಈಗ ಏನರ ಅನ್ನು."

ನಾನು ಏನೂ ಅನ್ನಲಿಲ್ಲ. ಬೀಪ್.

ರಸ್ತೆ ನೇರ ಇತ್ತು. ಗಾಡಿ ಬಹಳ ದೂರದವರೆಗೆ ಕಾಣುತ್ತಿತ್ತು. ಹಿಂದಿನ ಸೀಟು ಖಾಲಿ ಇರುವುದೂ ಕಾಣುತ್ತಿತ್ತು. ಬಿಸ್ಮಿಲ್ಲಾಬೀ ಪಕ್ಕಕ್ಕೆ ಬಂದು ನಿಂತಳು.

"ಜಗಳ ಆಡಿದ್ರೇನವ್ವ?"

ಇಲ್ಲ ಎಂದೆ.

"ಮತ್ತ ಬಿಟ್ಟು ಹ್ಯಾಂಗ ಹೋದ? ನಂದು ಗಂಡ ಜಗಳ ಆಡಿ ಹೋಗ್ತಿದ್ದ, ಹೊಟ್ಟಿ ಹಸಿದ್ರ ಬರ್ತಿದ್ದ. ಜಗಳ ಆಡದ ಹೋಗೋರದು ಭರೋಸಾ ಇಲ್ಲ ನೋಡು." ಬಾಕು ಒರೆಸಿ ಕೂರಿಸಿದಳು. ಹೆಲ್ಮೆಟ್ ತೆಗಿ ಎಂದಳು. ನಾನು ತೆಗೆಯಲಿಲ್ಲ. ಇನ್ನೇನಾದರೂ ಕೇಳಿಸಬಹುದು ಎಂದುಕೊಂಡಿರಬೇಕು.

ಇವರು ತಿರುಗಿ ಬಂದಾಗ ಗಾಡಿಯ ಎಡಗಡೆಯ ಕನ್ನಡಿ ಇರಲಿಲ್ಲ. ಮುಂದೆ ಒಂದು ಕೂಡುರಸ್ತೆಯಲ್ಲಿ "ಎಡಗಡಿ?" ಎಂದು ಕೇಳಿದರಂತೆ. ಉತ್ತರ ಬರಲಿಲ್ಲ; ಬೀಪ್ ಗಾಳಿಯ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ. ಖಾಲಿ ಇದೆ ಎಂದುಕೊಂಡು ನುಗ್ಗಿದರಂತೆ. ಎಡಗಡೆಯಿಂದ ಕಬ್ಬಿನ ಟ್ರ್ಯಾಕ್ಟರು ಬಂದಿದೆ. ಕನ್ನಡಿಯಷ್ಟೇ ಹೋಯಿತು. ಕಾಲು ಊರಿ ನಿಂತು ಹಿಂದೆ ತಿರುಗಿ ನೋಡಿದಾಗಲೇ ನಾನಿಲ್ಲದ್ದು ಗೊತ್ತಾದದ್ದು. ನಾನು ಬಿದ್ದೆ ಎಂದುಕೊಂಡು ದಾರಿಯ ಎರಡೂ ಬದಿ ಹುಡುಕುತ್ತ ಬಂದಿದ್ದಾರೆ. ಮುಖ ಬೂದಿಯಂತಿತ್ತು.

"ಎಲ್ಲಿ ಬಿದ್ದಿ?"

"ಹತ್ತೇ ಇಲ್ಲ ನಾ."

ಅವರು ಬಾಕಿನ ಮೇಲೆ ಕೂತರು. ಬಿಸ್ಮಿಲ್ಲಾಬೀ ಕೇಳದೆಯೇ ಚಹಾ ತಂದಿಟ್ಟಳು. ಕಪ್ಪು ಎಡಕ್ಕಿತ್ತು, ಅವರು ಅದನ್ನು ನೋಡಲಿಲ್ಲ. ತುಸು ಹೊತ್ತಿಗೆ ಕೇಳಿದರು:

"ಇಂಟರ್‌ಕಾಮಿನ್ಯಾಗ ಏನರ ಕೇಳಸ್ತೇನು?"

"ಇಲ್ರಿ. ಗರಗರ ಅಂತಿತ್ತು ಅಷ್ಟೇ."

ಅವರು ನನ್ನನ್ನೇ ನೋಡಿದರು. ಆಮೇಲೆ ಆಯ್ತು ಎಂದರು. ಅವರ ಮುಖಕ್ಕೆ ಸಮಾಧಾನ ಬಂದಂತೆ ಕಂಡಿತು. ನನ್ನನ್ನು ಬಿಟ್ಟು ಹೋದದ್ದಕ್ಕಿಂತ ಆ ಸಮಾಧಾನ ನೋಡಿ ನನಗೆ ಹೆಚ್ಚು ನೋವಾಯಿತು.

ಔರಾದಕ್ಕೆ ಹೋಗಲಿಲ್ಲ. ಹತ್ತಿ ಕೂತು ಎರಡು ಸಲ ತಟ್ಟಿ, ಬೀದರಿನವರೆಗೂ ಎಡಗಡೆ ಹೇಳಿದೆ. ಎಡಕ್ಕ ಬಂಡಿ. ಎಡಕ್ಕ ಸಾಲಿ ಹುಡುಗರು. ಒಂದನ್ನೂ ಬಿಡಲಿಲ್ಲ.

ಡಿಸೆಂಬರ್ 12, ಗುರುವಾರ

ನಾನು ಪ್ರವಾಸಕ್ಕೆ ತಯಾರಾಗುತ್ತಿರಲಿಲ್ಲ. ಒಂದು ತಿಂಗಳಿಂದ ನಾನು ಅವರ ಕಣ್ಣಾಗಿದ್ದೆ. ಕಣ್ಣಿಗೆ ಅದು ಗೊತ್ತಿರಲಿಲ್ಲ. ಒಂದು ದಿನ ಎಡಕ್ಕೆ ಜೋಳದ ಹೊಲದ ಮೇಲೆ ಗಿಳಿಗಳ ಹಿಂಡು ನೋಡುತ್ತ ನಾನು ಬಹಳ ಹೊತ್ತು ಸುಮ್ಮನಿದ್ದೆ. ಆ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಏನಾಗಬಹುದಿತ್ತು ಎಂಬುದು ನಾಲ್ಕು ದಿನದಿಂದ ತಲೆಯಲ್ಲಿ ತಿರುಗುತ್ತಿದೆ.

ಬೆಳಿಗ್ಗೆ ಅವರು ಪೇಪರ್ ಓದುವಾಗ ಎಡಗಡೆ ಹೋಗಿ ಸುಮ್ಮನೆ ನಿಂತೆ. ನೀರಿನ ಲೋಟ ಚಾಚಿದೆ. ಅವರಿಗೆ ಗೊತ್ತಾಗಲಿಲ್ಲ. ಲೋಟ ಅವರ ಕೆನ್ನೆಗೆ ಒಂದು ಗೇಣು ದೂರದಲ್ಲಿತ್ತು. ನಾನು ಲ್ಯಾಬಿನಲ್ಲಿ ಊರವರ ರಕ್ತ ನೋಡಿ ವರದಿ ಬರೆಯುವವಳು.

ಮತ್ತೆ ಹಾಗೆ ಮಾಡಬಾರದು ಎಂದುಕೊಂಡೆ. ಸಂಜೆ ಮತ್ತೆ ಮಾಡಿದೆ.

ಡಿಸೆಂಬರ್ 14, ಶನಿವಾರ

ಆಮ್ರಪಾಲಿ ಬಂದಿದ್ದಳು. ಇವರ ತಂಗಿ. ಔರಾದದಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಎಕಂಬಾದ ಗಂಡನ ಮನೆಯಿಂದ ಡ್ಯೂಟಿಗೆ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತಾಳೆ. ಇವರು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ, ಅಣ್ಣನ ಕಣ್ಣಿನ ವಿಷಯ ಗೊತ್ತೇ ಎಂದು ಕೇಳಿದೆ.

"ಗೊತ್ತಿಲ್ದ ಏನು ವೈನಿ? ಹೈದರಾಬಾದಿಗೆ ನಾನೇ ಕರ್ಕೊಂಡು ಹೋಗಿದ್ದೆ."

ನನಗೆ ಹೇಳಿದ್ದಾರೆ ಎಂದು ಅವಳು ತಿಳಿದಿದ್ದಳಂತೆ. ಹೇಳುತ್ತೇನೆ ಎಂದು ಆಣೆ ಮಾಡಿದ್ದರಂತೆ. ಅವರು ಈಗಲೂ ಗಾಡಿ ಓಡಿಸುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ.

"ಯಾಕ ಹೇಳಿಲ್ಲಂತ ನನಗ?"

"ಹೇಳಿದ್ರ ಆಕಿ ನನ್ನ ಹಿಂದ ಕೂಡಲ್ಲ ಅಂತಿದ್ದ. ನಾ ಅದು ಚಾಷ್ಟಿ ಅಂದ್ಕೊಂಡಿದ್ದೆ."

ಈಗಲೇ ಅಣ್ಣನ ಕೈಯಿಂದ ಚಾವಿ ಕಸಿದುಕೊಳ್ಳುತ್ತೇನೆ, ಟೂರು ಗೀರು ಬಂದ್ ಎಂದು ಎದ್ದಳು. ನಾನು ಅವಳ ಕೈ ಹಿಡಿದೆ. ನಿನ್ನ ಗಾಡಿ ಕಲಿಸು ಎಂದೆ. ಕಾಲೇಜಿನಲ್ಲಿದ್ದಾಗ ತವರೂರು ಸಾಯಗಾಂವದ ಹೊಲದ ದಾರಿಯಲ್ಲಿ ನಮ್ಮಪ್ಪನ ಗಾಡಿ ಓಡಿಸಿದ್ದೆ, ಲೈಸನ್ಸೂ ಅದರ ಮೇಲೆಯೇ ಆಗಿತ್ತು. ಆಮೇಲೆ ಸ್ಕೂಟಿ ಬಿಟ್ಟು ಬೇರೇನೂ ಮುಟ್ಟಿಲ್ಲ. ಯಾಕೆ ಹಾಗೆಂದೆನೋ ತಿಳಿಯದು. ಬಾಯಿಂದ ಬಂತು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸೀರಿ ಉಟ್ಟು ಬರಬ್ಯಾಡ್ರಿ," ಎಂದಳು.

ಡಿಸೆಂಬರ್ 22, ಭಾನುವಾರ

ಲ್ಯಾಬಿನಲ್ಲಿ ಡ್ಯೂಟಿ ಎಂದು ಹೇಳಿ ಔರಾದದ ಬಸ್ಸು ಹತ್ತಿದೆ. ಹೋದ ಭಾನುವಾರವೂ ಹಾಗೇ.

ಎಕಂಬಾದ ಹೊರಗೆ ತೊಗರಿ ಹೊಲಗಳ ನಡುವಿನ ದಾರಿ. ಕ್ಲಚ್ಚು ಬಿಡುವುದು ಕೈಗೆ ನೆನಪಿತ್ತು, ನಿಲ್ಲಿಸುವುದು ನೆನಪಿರಲಿಲ್ಲ. ತೊಗರಿಯೊಳಗೆ ಹೋಗಿ ಬಿದ್ದೆ. ಹೊಲದಲ್ಲಿದ್ದ ಹೆಂಗಸರು ಓಡಿಬಂದರು. ಒಬ್ಬಳು ನನ್ನನ್ನು ಎಬ್ಬಿಸಿದಳು, ಉಳಿದವರು ತೊಗರಿಯನ್ನು. "ಪೊಲೀಸಿನೋರು ಕಲಸ್ಲತ್ತಾರ, ಹಿಡಿಯೋರು ಯಾರು?" ಎಂದು ಒಬ್ಬಳು ಅಂದಳು. ಆಮ್ರಪಾಲಿ ನಗಲಿಲ್ಲ. ಮತ್ತೆ ಹತ್ತು ಎಂದಳು.

ಮೊಣಕಾಲಿನ ಹತ್ತಿರ ಕಪ್ಪಾಗಿದೆ. ಬಾಗಿಲು ಬಡಿಯಿತು ಎಂದೆ. ಇವರು ಎಣ್ಣೆ ಬಿಸಿ ಮಾಡಿ ತಂದರು. ಲ್ಯಾಬಿನಲ್ಲಿ ಬಾಗಿಲು ಬಹಳ ಜೋರದಾವ ಎಂದರು.

ರಷ್ಯನ್ ಕಾದಂಬರಿ ಅರ್ಧಕ್ಕೇ ನಿಂತಿದೆ.

ಡಿಸೆಂಬರ್ 29, ಭಾನುವಾರ

ಇವತ್ತು ನನ್ನನ್ನು ಬಿಡಲಿಲ್ಲ. ಹೊರಡಲು ಎರಡೇ ವಾರ ಇದೆ, ಆವತ್ತು ಅರ್ಧಕ್ಕೆ ಬಿಟ್ಟ ಸುತ್ತನ್ನು ಮುಗಿಸೋಣ ಎಂದರು. ಹೊಸ ಕನ್ನಡಿ ಹಾಕಿಸಿದ್ದಾರೆ. ನನಗೆ ತಲೆನೋವು ಎಂದೆ. ಹೋದ ವಾರ ಡ್ಯೂಟಿ, ಈ ವಾರ ತಲೆನೋವು ಎಂದರು. ನಾನು ಹೆಸರುಬೇಳೆ ಆರಿಸುತ್ತಿದ್ದೆ. ಅವರು ಎದುರಿಗೆ ಬಂದು ಕೂತರು.

"ನನ್ನ ಹಿಂದ ಕೂಡ್ಲಿಕ್ಕ ಅಂಜಿಕಿ ಬರ್ತದೇನು?"

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಅವರು ನನ್ನನ್ನು ಕೇಳಿದ್ದಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು.

"ಅಂಜಿಕಿ ಯಾಕ್ರಿ," ಎಂದೆ.

ಅವರು ಎದ್ದರು. ಹಾಗಾದರೆ ನಾಳೆ ಶಾಲೆಗೆ ಗಾಡಿ ಒಯ್ಯುತ್ತೇನೆ ಎಂದರು. ಬೆಳಿಗ್ಗೆ ಮಂಜು ಇರುತ್ತದೆ. ಭಾಲ್ಕಿಯ ದಾರಿಯ ತುಂಬ ಕಬ್ಬಿನ ಟ್ರ್ಯಾಕ್ಟರು. ಎಡಗಡೆ ಹೇಳಲು ಹಿಂದೆ ಯಾರೂ ಇರುವುದಿಲ್ಲ.

ಡಿಸೆಂಬರ್ 30, ಸೋಮವಾರ

ಚಾವಿ ನನ್ನ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಲ್ಯಾಬಿಗೆ ಹೋದೆ. ಚಾವಿ ನೋಡಿದಿಯೇನು ಎಂದು ಫೋನ್ ಮಾಡಿದರು. ಇಲ್ಲ ಎಂದೆ. ಬಸ್ಸಿಗೆ ಹೋದರು.

ದಿನವಿಡೀ ಚಾವಿ ಚೀಲದಲ್ಲಿ ಅಲ್ಲಾಡಿದ ಸದ್ದು ಕೇಳುತ್ತಿತ್ತು.

ಜನವರಿ 2, ಗುರುವಾರ

ಎಕಂಬಾದಿಂದ ಔರಾದದವರೆಗೆ ನಾನೇ ಓಡಿಸಿದೆ. ಆಮ್ರಪಾಲಿ ಹಿಂದೆ ಕೂತಿದ್ದಳು. ಊರು ಬಂದ ಮೇಲೆ ಇಳಿದು, ಇನ್ನು ಮನೆಯಲ್ಲಿ ಮಾತಾಡುವುದನ್ನು ಕಲಿಸಲು ನನಗೆ ಬರುವುದಿಲ್ಲ ಎಂದಳು.

ಜನವರಿ 5, ಭಾನುವಾರ

ಬೆಳಿಗ್ಗೆ ಇವರು ಜಾಕೆಟ್ ಹಾಕಿಕೊಂಡು ಹೊರಗೆ ಬಂದಾಗ ನಾನು ಗಾಡಿಯ ಮೇಲೆ ಮುಂದೆ ಕೂತಿದ್ದೆ. ಚಾವಿ ಹಾಕಿ ಚಾಲೂ ಮಾಡಿದ್ದೆ. ಹೆಲ್ಮೆಟ್ ಹಾಕಿದ್ದೆ, ಮುಖ ಕಾಣುತ್ತಿರಲಿಲ್ಲ, ಅದು ಅನುಕೂಲವಾಯಿತು. ಅವರು ಮೆಟ್ಟಿಲ ಮೇಲೆ ನಿಂತುಬಿಟ್ಟರು. ಮರಿಯಮಬೀ ಕಸ ಗುಡಿಸುವುದನ್ನು ನಿಲ್ಲಿಸಿದಳು.

"ಯಾರು ಕಲಸಿದ್ರು?"

"ನಿಮ್ಮ ತಂಗಿ."

ಅವರು ಬಂದು ಹಿಂದೆ ಕೂತರು. ತಟ್ಟಲಿಲ್ಲ. ತಟ್ಟುವ ಅಭ್ಯಾಸ ಅವರಿಗಿಲ್ಲ. ಹೊರಟೆ.

ಭಾಲ್ಕಿಯವರೆಗೆ ದಾರಿಯ ಮೇಲಷ್ಟೇ ಕಣ್ಣಿಟ್ಟೆ. ಊರು ದಾಟುವಾಗ ಕಿವಿಯಲ್ಲಿ ಸಣ್ಣ ದನಿ ಬಂತು: "ಬಲಕ್ಕ ಬಸ್." ಸ್ವಲ್ಪ ಹೊತ್ತಿಗೆ: "ಬಲಕ್ಕ ಸೈಕಲ್." ಬಲಗಡೆಯನ್ನು ಹೇಳುತ್ತಿದ್ದರು. ಕಾಣುವ ಕಡೆಯನ್ನು ಹೇಳುತ್ತಿದ್ದರು. ಎಡಗಡೆಯ ಬಗ್ಗೆ ಒಂದು ಮಾತೂ ಇಲ್ಲ.

ರಸ್ತೆ ನೇರವಾಯಿತು. ಮಾರಿ ನೋಡಿ ಹೇಳಲು ನನಗೂ ಆಗುತ್ತಿರಲಿಲ್ಲ.

"ಸಂಘಪಾಲ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಹೆಸರು ನನ್ನ ಬಾಯಿಂದ ಅವರ ಕಿವಿಗೆ ಹೋಯಿತು. ಬಲಕ್ಕೆ ಒಂದು ಲಾರಿ ದಾಟಿತು. ಅವರು ಹೇಳಲಿಲ್ಲ.

"ಆ ದಿನ ನನಗ ಎಲ್ಲಾ ಕೇಳಸ್ತು," ಎಂದೆ.

ಎಂಜಿನ್ನಿನ ಸದ್ದು ಮಾತ್ರ. ಹಿಂದೆ ಯಾರೂ ಇಲ್ಲವೇನೋ, ಭಾಲ್ಕಿಯ ಗದ್ದಲದಲ್ಲಿ ನಿಧಾನ ಮಾಡಿದಾಗ ಇಳಿದುಬಿಟ್ಟರೇನೋ ಅನ್ನಿಸಿತು. ಎಡಗನ್ನಡಿ ನೋಡಿದೆ. ಅದರ ತುಂಬ ಅವರ ಹೆಲ್ಮೆಟ್ ಇತ್ತು.

"ಗೊತ್ತು," ಎಂದರು.

"ಏನು ಗೊತ್ತು?"

"ನಿನಗ ಕೇಳ್ಸ್ಯಾದ ಅಂತ. ಗರಗರ ಅಂತಿತ್ತು ಅಂದಿ. ಇದರಾಗ ಗರಗರ ಎಲ್ಲಿ ಬರ್ತದ? ಬೀಪ್ ಅಂತದ, ಬಂದ್ ಆಗ್ತದ. ಮಾಳಿಗಿ ಇಳಿದು ಬಂದು ನೀನೇ ಹೇಳಿದ್ದಿ ನನಗ. ಸುಳ್ಳು ಹೇಳ್ಲಿಕ್ಕೂ ರೂಢಿ ಬೇಕಾಗ್ತದ."

ಗಾಡಿ ಬದಿಗೆ ತಂದು ನಿಲ್ಲಿಸಿದೆ. ನಿಲ್ಲಿಸದಿದ್ದರೆ ಬೀಳುತ್ತಿದ್ದೆವು. ಇಬ್ಬರೂ ಇಳಿಯಲಿಲ್ಲ, ತಿರುಗಿ ನೋಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಕೂತು ಇಂಟರ್‌ಕಾಮಿನಲ್ಲೇ ಮಾತಾಡಿದೆವು. ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನೀ ಬ್ಯಾಡ ಅಂತಿ ಅಂತ ಕಾಯ್ಲತ್ತಿದ್ದೆ. ಅಂಜಿಕಿ ಬರ್ತದೇನು ಅಂತ ಕೇಳ್ದೆ, ಇಲ್ಲ ಅಂದಿ. ಸಾಲಿಗೆ ಒಯ್ತೇನಿ ಅಂದೆ, ಚಾವಿ ಡಬ್ಬಿ ಚೀಲದಾಗ ಹಾಕ್ಕೊಂಡು ಹೋದಿ. ಅದೂ ಗೊತ್ತು. ಬಾಯಿ ಬಿಟ್ಟು ಬ್ಯಾಡ ಅಂತ ಒಂದು ಸಲ ಅನ್ನಲಿಲ್ಲ ನೀ."

"ನೀವು ಮುಂದ ಕೂತು ಬಾಯಿ ಬಿಟ್ರಿ. ಹಿಂದ ನಾ ಇದ್ದಿಲ್ಲ."

ಆಮೇಲೆ ಅವರ ಉಸಿರು ಕೇಳಿಸಿತು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಹೇಳಲಾಗದು. ಆ ಯಂತ್ರದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಬ್ಯಾಡ ಎಂದೆ. ಇನ್ನು ನೀವು ಓಡಿಸುವುದು ಬ್ಯಾಡ.

ಆಯ್ತು ಎಂದರು.

ಅದೇ ಚಹಾದಂಗಡಿಗೆ ಹೋದೆವು; ಬಿಸ್ಮಿಲ್ಲಾಬೀ ನಮ್ಮನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಇವರಿಗೆ ಚಹಾ ಕೊಡುತ್ತ, "ಇವತ್ತು ಹಿಂದ ಕೂತೀಯೇನಪ್ಪ? ಹುಷಾರ್, ಆಕಿ ಬಿಟ್ಟು ಹೋದ್ರ ನಾ ಇಟ್ಟುಕೊಳ್ಳಾಂಗಿಲ್ಲ," ಎಂದಳು. ಕಪ್ಪು ಎಡಕ್ಕೆ ಇಟ್ಟಳು. ನಾನು ಅದನ್ನು ಬಲಕ್ಕೆ ಸರಿಸಿದೆ. ಅವರು ನೋಡಿದರು, ಎತ್ತಿ ಕುಡಿದರು.

ಅಂಬಾಜೋಗಾಯಿಯವರೆಗೆ ಒಂದೇ ದಿನಕ್ಕೆ ನನ್ನಿಂದ ಆಗುವುದಿಲ್ಲ ಎಂದೆ. ಉದಗೀರದಲ್ಲಿ ಒಂದು ರಾತ್ರಿ ಇಳಿಯೋಣ, ಅಂದರೆ ಎಲ್ಲ ಒಂದೊಂದು ದಿನ ಮುಂದಕ್ಕೆ ಹೋಗುತ್ತದೆ. ಮತ್ತೆ ಅದಲು ಬದಲು ಮಾಡಿದರೆ ಮಂಗಳವಾರ ಅಜಂತಾ, ಬುಧವಾರ ಎಲ್ಲೋರಾ. ಯಾವುದೂ ಮುಚ್ಚಿರುವುದಿಲ್ಲ. ಗುಹೆಯೊಳಗೆ ಕತ್ತಲೆ ಇರುತ್ತದೆ, ನನಗೆ ಎಷ್ಟು ಕಾಣುತ್ತದೋ ಎಂದರು. ನಾನು ಹೇಳ್ತೇನಿ ಎಂದೆ.

ನಾನು ಮೊದಲು ಹತ್ತಿದೆ. ಅವರು ಹಿಂದೆ ಕೂತಾಗ ಗಾಡಿ ಕುಗ್ಗಿತು. ಕಾದೆ. ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೆಗಲಿಗೆ ಎರಡು ಸಲ ತಟ್ಟಿದರು.

ಆದರೂ ತಿರುಗಿ ನೋಡಿಯೇ ಕ್ಲಚ್ಚು ಬಿಟ್ಟೆ.